ಹಿತ್ತಿಲ ಹೊಂಡದಲ್ಲಿ ಹಾಸಿಗೆ ಹಾಸಿದವರು

ಪ್ರಶ್ನೆ: ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ಛಾಯಾಚಿತ್ರವೊಂದನ್ನು ನೋಡಿದೆ. ಮನೆಯ ಹಿತ್ತಿಲಿನ ಮಣ್ಣಿನ ದಿಬ್ಬದ ಮೇಲೆ ಬೆಳೆದ ತರಕಾರಿ ಸಸಿಗಳಿಗೆ ಹೆಂಗಸೊಬ್ಬರು ನೀರು ಹಾಕುತ್ತಿದ್ದಾರೆ. ದಿಬ್ಬದ ಒಂದು ಪಕ್ಕದಲ್ಲಿ ಬಗ್ಗಿ ನುಸುಳಬೇಕಾದ ಕಂಡಿಯೊಂದಿದೆ. ಅದು ವಾಯುದಾಳಿಯಿಂದ ರಕ್ಷಣೆಗೆ ಮಾಡಿದ ಆಶ್ರಯವೆಂದು ಚಿತ್ರದ ಕೆಳಗೆ ಬರೆದಿತ್ತು. ಅಷ್ಟು ಚಿಕ್ಕ ದಿಬ್ಬದೊಳಗೆ ಒಂದು ಸಂಸಾರ ಹೇಗೆ ಹಿಡಿಸುತ್ತಿತ್ತು? ಅದನ್ನು ಕಟ್ಟಿಕೊಟ್ಟವರು ಯಾರು?

ಉತ್ತರ: ತಾವು ಕಂಡದ್ದು ಆಂಡರ್ಸನ್ ಶೆಲ್ಟರ್ ಇರಬೇಕು. ಯುದ್ಧದ ಮುನ್ನಾದಿನಗಳಲ್ಲಿ ವಾಯುದಾಳಿಯಿಂದ ನಾಗರಿಕರನ್ನು ಕಾಯುವ ಹೊಣೆ ಹೊತ್ತಿದ್ದ ಸಚಿವ ಸರ್ ಜಾನ್ ಆಂಡರ್ಸನ್ ಅವರ ಹೆಸರೇ ಅದಕ್ಕೆ ನಿಂತಿತು. ವಿನ್ಯಾಸ ಮಾಡಿದವರು ವಿಲಿಯಂ ಪ್ಯಾಟರ್ಸನ್ ಮತ್ತು ಆಸ್ಕರ್ ಕೆರಿಸನ್ ಎಂಬ ಎಂಜಿನಿಯರುಗಳು; ಅದು 1938ರ ಮಾತು. ಮರುವರ್ಷದ ಫೆಬ್ರವರಿ 25ರಂದು ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆಯ ಮನೆಯೊಂದರ ಹಿತ್ತಿಲಿನಲ್ಲಿ ಮೊದಲನೆಯದು ಎದ್ದುನಿಂತಿತು. ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾಗುವ ಹೊತ್ತಿಗೆ ಸುಮಾರು 15 ಲಕ್ಷ ಶೆಲ್ಟರುಗಳು ಜನರ ಕೈಸೇರಿದ್ದವು. ಒಟ್ಟು 36 ಲಕ್ಷದಷ್ಟು ತಯಾರಾದವು.

ಸತು ಲೇಪಿಸಿದ ಅಲೆಅಲೆಯಾದ ಉಕ್ಕಿನ 14 ತಗಡುಗಳನ್ನು ಬೋಲ್ಟು ಹಾಕಿ ಜೋಡಿಸಿದರೆ ಶೆಲ್ಟರಿನ ಒಡಲು ಸಿದ್ಧವಾಗುತ್ತಿತ್ತು. ಅವುಗಳಲ್ಲಿ ಬಾಗಿದ 6 ತಗಡುಗಳು ಎರಡು ಪಕ್ಕಗಳಿಂದ ಎದ್ದು ನೆತ್ತಿಯಲ್ಲಿ ಕೂಡಿಕೊಂಡು ಕಮಾನಾಗುತ್ತಿದ್ದವು. ಎತ್ತರ 6 ಅಡಿ, ಅಗಲ ನಾಲ್ಕೂವರೆ ಅಡಿ, ಉದ್ದ ಆರೂವರೆ ಅಡಿ. ಇಷ್ಟರಲ್ಲಿ 6 ಮಂದಿ ಇರಬೇಕೆಂಬುದು ಲೆಕ್ಕ. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯವಿದ್ದ ಮನೆಗಳಿಗೆ ಇದನ್ನು ಸರ್ಕಾರ ಉಚಿತವಾಗಿ ಕೊಟ್ಟಿತು. ಉಳಿದವರು 7 ಪೌಂಡು ತೆರಬೇಕಿತ್ತು. ಆದರೆ ತಗಡು, ನಟ್ಟು, ಬೋಲ್ಟುಗಳು ಮನೆಗೆ ಬಂದು ಬಿದ್ದ ಮೇಲಿನ ದುಡಿಮೆಯೆಲ್ಲ ಸಾಮಾನ್ಯವಾಗಿ ಮನೆಯವರದೇ ಆಗಿತ್ತು. 4 ಅಡಿ ಆಳದ ಹೊಂಡ ತೋಡಿ, ಒಡಲನ್ನು ಅದರಲ್ಲಿ ನಿಲ್ಲಿಸಿ, ಅಗೆದ ಮಣ್ಣನ್ನೇ ಮಾಡಿನ ಮೇಲೆ ಕನಿಷ್ಠ 15 ಅಂಗುಲ ದಪ್ಪಕ್ಕೆ ಹೇರಬೇಕಿತ್ತು. ತಾವು ಚಿತ್ರದಲ್ಲಿ ಕಂಡ ದಿಬ್ಬ ಹೀಗೆ ಹುಟ್ಟಿದ್ದು. ನೆಲದ ಮೇಲೆ ಕಾಣುವುದು ಮೂರನೆಯ ಒಂದು ಭಾಗ ಮಾತ್ರ, ಉಳಿದದ್ದು ಕೆಳಗಿರುತ್ತದೆ.

ಬಾಂಬು ನೇರವಾಗಿ ಮೇಲೆಯೇ ಬಿದ್ದರೆ ಇದು ಯಾರನ್ನೂ ಉಳಿಸುತ್ತಿರಲಿಲ್ಲ, ಉಳಿಸುತ್ತದೆಂದು ಯಾರೂ ಹೇಳಿರಲೂ ಇಲ್ಲ. ಸಮೀಪದಲ್ಲಿ ಬಾಂಬು ಸಿಡಿದಾಗ ಹಾರಿಬರುವ ಚೂರುಗಳನ್ನು ಮಣ್ಣು ತಡೆಯುತ್ತಿತ್ತು. ನೆಲದೊಳಗಿಂದ ಬರುವ ಅದುರನ್ನು ತೆಳುವಾದ ಉಕ್ಕು ಮುರಿಯದೆ, ಬಾಗಿ ತಾಳಿಕೊಳ್ಳುತ್ತಿತ್ತು. ಇಟ್ಟಿಗೆಯ ಗೋಡೆಗೆ ಹಾಗೆ ಬಾಗುವುದು ಗೊತ್ತಿಲ್ಲ. ಈ ಒಂದು ಗುಣವನ್ನು ನಂಬಿ ಇಡೀ ವಿನ್ಯಾಸ ನಿಂತಿತ್ತು, ಆ ನಂಬಿಕೆ ಸುಳ್ಳಾಗಲಿಲ್ಲ. ಮನೆ ಪೂರ್ತಿ ನೆಲಸಮವಾಗಿ, ಹಿತ್ತಿಲ ಹೊಂಡದಿಂದ ಸಂಸಾರವೆಲ್ಲ ಜೀವಸಹಿತ ಹೊರಬಂದದ್ದುಂಟು.

ಪ್ರಶ್ನೆ: ಶೆಲ್ಟರಿನ ಜೊತೆಗೆ ಮಂಚ, ಹಾಸಿಗೆ, ದೀಪ ಮುಂತಾದವನ್ನೂ ಸರ್ಕಾರ ಕೊಡುತ್ತಿತ್ತೇ? ಜನರು ಅದರೊಳಗೆ ಏನೇನು ಇಟ್ಟುಕೊಳ್ಳುತ್ತಿದ್ದರು?

ಉತ್ತರ: ಶೆಲ್ಟರು ಬಂದಾಗ ಅದು ಬರೀ ತಗಡಿನ ಒಡಲು. ಒಳಗಿನ ವ್ಯವಸ್ಥೆಯೆಲ್ಲ ಮನೆಯವರಿಗೆ ಬಿಟ್ಟದ್ದಾಗಿತ್ತು. ಹೀಗಾದುದಕ್ಕೆ ಒಂದು ಕಾರಣವಿದೆ. ಯುದ್ಧಕ್ಕೆ ಮುಂಚೆ ಯೋಜನೆ ಹಾಕಿದವರ ಎಣಿಕೆಯಲ್ಲಿ ದಾಳಿಯೆಂದರೆ ಸ್ವಲ್ಪ ಹೊತ್ತಿನಲ್ಲಿ ಬಂದು ಮುಗಿದುಹೋಗುವ ಭೀಕರ ಹೊಡೆತ. ಸೈರನ್ ಏರಿಳಿಯುತ್ತ ಕೂಗಿದೊಡನೆ ಒಳಗೆ ಓಡಿ, ಬೆಂಚಿನ ಮೇಲೋ ಪೆಟ್ಟಿಗೆಯ ಮೇಲೋ ಕುಳಿತು, ಅಪಾಯ ಕಳೆಯಿತೆಂದು ಸಾರುವ ಒಂದೇ ಸ್ವರದ ದೀರ್ಘ ಕೂಗು ಕೇಳಿದ ಮೇಲೆ ಹೊರಗೆ ಬರುವುದು. ಅದಕ್ಕೆ ಮಂಚವೇಕೆ? ಆದರೆ 1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಆರಂಭವಾದ ಬಾಂಬು ದಾಳಿ ಎಡೆಬಿಡದೆ 57 ರಾತ್ರಿ ನಡೆಯಿತು. ಸಂಜೆ ಆರಂಭವಾದದ್ದು ಎಷ್ಟೋ ಸಲ ಬೆಳಗಿನ ಜಾವದವರೆಗೂ ನಿಲ್ಲುತ್ತಿರಲಿಲ್ಲ. ಕೂರುವುದಕ್ಕೆಂದು ಮಾಡಿದ ಜಾಗದಲ್ಲಿ ಲಕ್ಷಾಂತರ ಜನ ಮಲಗಬೇಕಾಗಿ ಬಂತು. ಮಾರನೆಯ ದಿನ ಅವರೆಲ್ಲ ಕಾರ್ಖಾನೆಗೆ, ಕಚೇರಿಗೆ, ಅಂಗಡಿಗೆ ಹೋಗಲೇಬೇಕಿತ್ತು. ನನ್ನ ಅಭಿಪ್ರಾಯದಲ್ಲಿ ಈ ಶೆಲ್ಟರುಗಳ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ಎಷ್ಟೇ ಗಟ್ಟಿಯಾದ ಉಕ್ಕಾಗಲಿ, ಅದರೊಳಗೆ ಜನ ಇದ್ದರೆ ಮಾತ್ರ ಕಾಪಾಡೀತು; ನಿದ್ದೆ ಬಾರದ ಜಾಗದಲ್ಲಿ ಜನ ಎಷ್ಟು ರಾತ್ರಿ ಇದ್ದಾರು? ಒಳಗೆ ಒಂದು ಮಂಚ ಹೂಡುವುದು ಶೋಕಿಯ ಮಾತಾಗಿರಲಿಲ್ಲ, ರಕ್ಷಣೆಯ ಅರ್ಧಭಾಗ ಅದೇ ಆಗಿತ್ತು.

ಮಂಚದ ಲೆಕ್ಕಾಚಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕೂವರೆ ಅಡಿಯೆಂದರೆ 54 ಅಂಗುಲ. ಎರಡು ಪಕ್ಕಗಳಲ್ಲಿ ಉದ್ದಕ್ಕೆ 20 ಅಂಗುಲ ಅಗಲದ ಒಂದೊಂದು ಮಂಚ ಹಾಕಿದರೆ ನಡುವೆ ಉಳಿಯುವುದು 14 ಅಂಗುಲದ ಓಣಿ. ವಯಸ್ಕರೊಬ್ಬರು ಅಡ್ಡಡ್ಡಲಾಗಿ ಸರಿದು ಹೋಗುವಷ್ಟು ಜಾಗ. ಅದರ ಮೇಲೆ ಮತ್ತೊಂದು ಜೊತೆ ಮಂಚ ಕೂರಿಸಿದರೆ ನಾಲ್ವರು ದೊಡ್ಡವರು ಮಲಗಬಹುದಿತ್ತು. ಎಳೆಯ ಮಕ್ಕಳ ಮೈ ಗಿಡ್ಡವಾದ್ದರಿಂದ ಅವರನ್ನು ಒಂದು ಕೊನೆಯಲ್ಲಿ ಅಡ್ಡಕ್ಕೆ ಮಲಗಿಸುವುದಕ್ಕೆ ಬರುತ್ತಿತ್ತು. ಸರ್ಕಾರ ಹೊರಡಿಸಿದ ಕರಪತ್ರಗಳು ಇಂಥ ಮಂಚಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಕ್ರಮವನ್ನು ತಿಳಿಸಿದವು. ಮರದ ಚೌಕಟ್ಟು ಹೊಡೆದು, ಅದಕ್ಕೆ ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನೋ ಗೋಣಿತಟ್ಟನ್ನೋ ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಮಂಚವಾಯಿತು. ಯುದ್ಧಕಾಲದಲ್ಲಿ ಮರದ ಅಭಾವ ದಿನೇದಿನೇ ಹೆಚ್ಚುತ್ತಿದ್ದುದರಿಂದ ಹಳೆಯ ಬೀರು, ಬಾಗಿಲು, ಹಣ್ಣಿನ ಪೆಟ್ಟಿಗೆಗಳ ಹಲಗೆಗಳೆಲ್ಲ ಈ ಕೆಲಸಕ್ಕೆ ಒದಗಿದವು. ಮಂಚ ಮಾಡಿಕೊಳ್ಳಲಾಗದವರು ಮಡಿಸುವ ಆರಾಮಕುರ್ಚಿಗಳಲ್ಲಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಮೇಲಿನ ಮಂಚದವರ ಪಾಡು ಬೇರೆಯದು. ಗೋಡೆ ಕಮಾನಾಗಿ ಒಳಕ್ಕೆ ಬಾಗಿರುವುದರಿಂದ ಮಗ್ಗುಲಾದರೆ ಭುಜಕ್ಕೆ ತಗಡು ತಾಗುತ್ತಿತ್ತು. ಆ ತಗಡಿನ ಮೈಯಲ್ಲಿ ಉಸಿರಿನ ತೇವವೆಲ್ಲ ಹನಿಗಟ್ಟಿರುತ್ತಿತ್ತು.

ಹಾಸಿಗೆಯನ್ನು ಒಳಗೇ ಬಿಡುವಂತಿರಲಿಲ್ಲ. ಒಂದು ಹಗಲು ಬಿಟ್ಟರೂ ಸಾಕು, ಕಂಬಳಿ ಮುಗ್ಗುಲು ಹಿಡಿಯುತ್ತಿತ್ತು. ಆದ್ದರಿಂದ ಕತ್ತಲಾಗುವ ಮುನ್ನ ಹಾಸಿಗೆ, ದಿಂಬು, ಕಂಬಳಿಗಳನ್ನು ಹೊತ್ತು ಒಯ್ಯುವುದು, ಬೆಳಿಗ್ಗೆ ಹೊತ್ತು ತಂದು ಒಲೆಯ ಮುಂದೆ ಆರಹಾಕುವುದು ನಿತ್ಯದ ಕೆಲಸವಾಯಿತು. ಇದರ ಜೊತೆಗೆ ಥರ್ಮಾಸ್ ಫ್ಲಾಸ್ಕಿನಲ್ಲಿ ಚಹಾ, ಮಕ್ಕಳಿಗೆ ತಿನ್ನಲು ಏನಾದರೂ, ಕುಡಿಯುವ ನೀರು, ಮನೆಮಂದಿಗೆಲ್ಲ ಗ್ಯಾಸ್ ಮಾಸ್ಕು. ರೇಷನ್ ಪುಸ್ತಕ, ಗುರುತಿನ ಚೀಟಿ, ವಿಮೆಯ ಕಾಗದ, ಇದ್ದಬದ್ದ ಹಣವನ್ನು ಒಂದು ಡಬ್ಬಿಯಲ್ಲೋ ಚೀಲದಲ್ಲೋ ತುಂಬಿ ಸದಾ ಸಿದ್ಧವಾಗಿ ಇಟ್ಟುಕೊಂಡಿರುತ್ತಿದ್ದರು, ಏಕೆಂದರೆ ಬೆಳಿಗ್ಗೆ ಮನೆ ಉಳಿದಿರುತ್ತದೆಂಬ ಭರವಸೆ ಇರಲಿಲ್ಲ. ಈ ಹೊರುವ, ಒಣಗಿಸುವ, ಡಬ್ಬಿ ಕಟ್ಟುವ ಕೆಲಸ ಬಹುಪಾಲು ಹೆಂಗಸರ ಹೆಗಲಿಗೇ ಬಿತ್ತು. ಹೊಂಡ ತೋಡಿದ ಗಂಡಸರ ಚಿತ್ರಗಳು ಪತ್ರಿಕೆಗಳಲ್ಲಿ ಬಂದಷ್ಟು ಹಾಸಿಗೆ ಹೊತ್ತವರ ಚಿತ್ರಗಳು ಬರಲಿಲ್ಲವೆಂಬುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ; ತೋಡುವುದು ಒಂದೆರಡು ವಾರಾಂತ್ಯಗಳ ಶ್ರಮ, ಹೊರುವುದು ತಿಂಗಳುಗಟ್ಟಲೆಯದು.

ಬೆಳಕಿಗೆ ಮೇಣದಬತ್ತಿ, ಟಾರ್ಚು ಅಥವಾ ಚಿಕ್ಕ ಲಾಟೀನು. ಬೆಳಕಿನ ಎಳೆಯೊಂದೂ ಹೊರಗೆ ಕಾಣದಂತೆ ಕಂಡಿಗೆ ದಪ್ಪ ಕಂಬಳಿಯನ್ನು ಇಳಿಬಿಡಬೇಕಿತ್ತು. ಬ್ಲ್ಯಾಕ್‌ಔಟ್ ನಿಯಮ ಶೆಲ್ಟರಿಗೂ ಅನ್ವಯಿಸುತ್ತಿತ್ತು. ಕಂಡಿಯ ಎದುರು ಮನೆಯ ಗೋಡೆಯ ಮರೆ ಇಲ್ಲದಿದ್ದರೆ ಮಣ್ಣಿನ ಅಥವಾ ಮರಳುಚೀಲಗಳ ಅಡ್ಡಗೋಡೆ ಹಾಕುತ್ತಿದ್ದರು. ಶೌಚಕ್ಕೆ ಮುಚ್ಚಳವಿರುವ ಬಕೆಟ್ಟೇ ಗತಿ. ಅದರ ಮುಂದೊಂದು ಪರದೆ ಕಟ್ಟಿಕೊಂಡರೆ ಅದೇ ಮರ್ಯಾದೆ. ಇಷ್ಟರ ನಡುವೆಯೂ ಚಾಪೆ ಹಾಸಿ, ಚಿಕ್ಕ ಹಲಗೆಯೊಂದನ್ನು ಕಪಾಟಿನಂತೆ ಕೂರಿಸಿ, ಮಕ್ಕಳ ಆಟಿಕೆ, ಇಸ್ಪೀಟು, ಹೆಣಿಗೆಯ ಉಲ್ಲನ್ ಇಟ್ಟುಕೊಂಡು ಆ ತಗಡಿಗೆ ಮನೆಯ ಕಳೆ ತಂದವರು ಬೇಕಾದಷ್ಟು ಮಂದಿ ಇದ್ದರು. ಮಲಗಿದ ಬಟ್ಟೆಯಲ್ಲಿ ಚಳಿಗೆ ಓಡಬಾರದೆಂದು ಉಡುಪಿನ ಮೇಲೆ ಒಮ್ಮೆಗೇ ಹಾಕಿಕೊಂಡು ಜಿಪ್ ಎಳೆಯಬಹುದಾದ, ಕಾಲಿನಿಂದ ಕುತ್ತಿಗೆಯವರೆಗೆ ಒಂದೇ ತುಂಡಾದ ದಿರಿಸು ಬಳಕೆಗೆ ಬಂತು; ಅದಕ್ಕೆ ಸೈರನ್ ಸೂಟ್ ಎಂದೇ ಹೆಸರಾಯಿತು. ಪ್ರಧಾನಿ ಚರ್ಚಿಲ್ ಅವರೂ ಅದನ್ನು ಧರಿಸುತ್ತಿದ್ದರು.

ಪ್ರಶ್ನೆ: ನೆಲದಲ್ಲಿ ಹೊಂಡ ತೋಡಿದ ಮೇಲೆ ಮಳೆಗಾಲದಲ್ಲಿ ನೀರು ತುಂಬಿಕೊಳ್ಳುವುದಿಲ್ಲವೇ? ಇದನ್ನು ಅವರು ಮೊದಲೇ ಯೋಚಿಸಿರಲಿಲ್ಲವೇ?

ಉತ್ತರ: ತುಂಬಿಕೊಳ್ಳುತ್ತಿತ್ತು, ಅದೂ ಧಾರಾಳವಾಗಿ. ಆಂಡರ್ಸನ್ ಶೆಲ್ಟರಿನ ಮೇಲೆ ಜನರಿಗಿದ್ದ ಅತಿ ದೊಡ್ಡ ದೂರು ಬಾಂಬಿನದ್ದಲ್ಲ, ನೀರಿನದು. ಜೇಡಿಮಣ್ಣಿನ ನೆಲದಲ್ಲಿ ಮಳೆನೀರು ಇಂಗದೆ ನಿಲ್ಲುತ್ತಿತ್ತು. ತಗ್ಗು ಪ್ರದೇಶಗಳಲ್ಲಿ ಅಂತರ್ಜಲವೇ ಕೆಳಗಿನಿಂದ ಒಸರುತ್ತಿತ್ತು. ಯುದ್ಧ ಘೋಷಣೆಯಾಗಿಯೂ ದಾಳಿಗಳು ಬಾರದೆ ಹೋದ ಮೊದಲ ಚಳಿಗಾಲದಲ್ಲಿ ಎಷ್ಟೋ ಮನೆಗಳವರು ಶೆಲ್ಟರನ್ನು ಮರೆತೇಬಿಟ್ಟರು. ಅದು ಹಾಳು ಸಾಮಾನು ಹಾಕುವ ಜಾಗವಾಯಿತು, ಇಲ್ಲವೇ ಮೊಣಕಾಲುದ್ದ ನೀರು ನಿಂತ ಹೊಂಡವಾಯಿತು. 1940ರ ಬೇಸಿಗೆ ಮುಗಿಯುವ ಹೊತ್ತಿಗೆ ದಾಳಿ ಬಂದೇ ಬಂದಾಗ ಅದನ್ನು ಬಳಿದು ಹೊರಹಾಕುವ ಅವಸರ.

ನೀರನ್ನು ಗೆಲ್ಲಲು ಜನ ಮಾಡಿದ ಉಪಾಯಗಳಲ್ಲಿ ಒಂದು ಬಹಳ ಸರಳವಾದದ್ದು. ನೆಲವನ್ನು ಒಂದು ಮೂಲೆಯ ಕಡೆಗೆ ಸ್ವಲ್ಪ ಇಳಿಜಾರು ಮಾಡಿ, ಆ ಮೂಲೆಯಲ್ಲಿ ಬಕೆಟ್ಟು ಮುಳುಗುವಷ್ಟು ಆಳದ ಗುಂಡಿ ತೋಡಿದರೆ ನೀರೆಲ್ಲ ಅಲ್ಲಿ ಸೇರುತ್ತಿತ್ತು; ಮಲಗುವ ಮುನ್ನ ಮತ್ತು ಎದ್ದ ಕೂಡಲೇ ಅದನ್ನು ಮೊಗೆದು ಹೊರಗೆ ಚೆಲ್ಲುವುದು. ಮೇಲೆ ಮರದ ಪಟ್ಟಿಗಳನ್ನು ಸಂದುಬಿಟ್ಟು ಜೋಡಿಸಿದ ಹಲಗೆ ಹಾಕಿಕೊಂಡರೆ ಕಾಲು ಒದ್ದೆಯಾಗುತ್ತಿರಲಿಲ್ಲ. ಇದರಿಂದಲೂ ಬಗೆಹರಿಯದ ಕಡೆ ನೆಲಕ್ಕೂ ಪಕ್ಕಗಳಿಗೂ ಕಾಂಕ್ರೀಟು ಹಾಕಿ ತೊಟ್ಟಿಯಂತೆ ಮಾಡುವುದೊಂದೇ ದಾರಿ. ಎಷ್ಟೋ ಕಡೆ ಸ್ಥಳೀಯ ಆಡಳಿತಗಳು ಈ ಕೆಲಸ ಮಾಡಿಸಿಕೊಟ್ಟವು. ಅಷ್ಟಾದರೂ ಒಳಗಿನ ತೇವ ಹೋಗುತ್ತಿರಲಿಲ್ಲ. ಐದಾರು ಜನರ ಉಸಿರು ತಣ್ಣನೆಯ ಉಕ್ಕಿಗೆ ತಾಗಿ ನೀರಾಗಿ ಹರಿಯುವುದನ್ನು ಯಾವ ಕಾಂಕ್ರೀಟು ತಡೆದೀತು? ತಗಡಿನ ಒಳಮೈಗೆ ಬಣ್ಣ ಬಳಿದು, ಅದು ಹಸಿಯಿರುವಾಗಲೇ ಒಣಮರಳನ್ನೋ ಮರದ ಹೊಟ್ಟನ್ನೋ ಎರಚಿ ಮೇಲ್ಮೈಯನ್ನು ಒರಟು ಮಾಡಿದರೆ ಹನಿ ಬೀಳುವುದು ಸ್ವಲ್ಪ ಕಡಿಮೆಯಾಗುತ್ತಿತ್ತು. ಕಂಡಿಯ ಕಂಬಳಿಯನ್ನು ಹಗಲೆಲ್ಲ ಎತ್ತಿಕಟ್ಟಿ ಗಾಳಿಯಾಡಲು ಬಿಡುವುದು ಅದಕ್ಕಿಂತ ಮುಖ್ಯವಾಗಿತ್ತು.

ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೆಂದರೆ, ಅಲ್ಪಾವಧಿಯಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ತಲುಪಿಸಬಹುದಾದ ವಸ್ತು ಬೇಕಿದ್ದಾಗ ಪ್ರತಿಯೊಂದು ಹಿತ್ತಿಲಿನ ಮಣ್ಣನ್ನು ಪರೀಕ್ಷಿಸಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಜನರನ್ನು ರಾತ್ರಿಯಿಡೀ ಅಲ್ಲಿ ಮಲಗಿ ಎಂದ ಮೇಲೆ ನೆಲ ಒಣಗಿರುವಂತೆ ಮಾಡುವ ಹೊಣೆಯೂ ಹೇಳಿದವರ ಮೇಲೆ ಬರುತ್ತದೆ. ಆ ಕೆಲಸ ತಡವಾಗಿ ನಡೆಯಿತು, ಎಲ್ಲ ಕಡೆಯೂ ನಡೆಯಲಿಲ್ಲ.

ಪ್ರಶ್ನೆ: ಅಲ್ಲಿನ ಚಳಿಗೆ ಒಳಗೆ ಬೆಂಕಿ ಹಾಕಿಕೊಳ್ಳುತ್ತಿದ್ದರೇ?

ಉತ್ತರ: ಹಾಕಿಕೊಳ್ಳಬಾರದೆಂದು ಸರ್ಕಾರ ಎಚ್ಚರಿಸುತ್ತಿತ್ತು. ಗಾಳಿ ಹೋಗಲು ಒಂದೇ ಕಂಡಿಯಿದ್ದು, ಅದಕ್ಕೂ ಕಂಬಳಿ ಮುಚ್ಚಿರುವ ಜಾಗದಲ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಉರುವಲು) ಅಥವಾ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಮಲಗಿದವರು ಏಳದೆಯೇ ಹೋಗಬಹುದಿತ್ತು. ಎಣ್ಣೆಯ ಒಲೆ ಉರುಳಿದರೆ ಹಾಸಿಗೆಗೆ ಬೆಂಕಿ. ಬದಲಿಗೆ ಎರಡು ಮಣ್ಣಿನ ಹೂಕುಂಡಗಳ ಉಪಾಯ ಬಳಕೆಗೆ ಬಂತು. ಒಂದು ಕುಂಡದೊಳಗೆ ಮೇಣದಬತ್ತಿ ಹಚ್ಚಿಟ್ಟು, ಇನ್ನೊಂದನ್ನು ಗಾಳಿಯಾಡುವಂತೆ ಅದರ ಮೇಲೆ ಬೋರಲು ಹಾಕಿದರೆ, ಮಣ್ಣು ನಿಧಾನವಾಗಿ ಕಾದು ಬಹಳ ಹೊತ್ತು ಕಾವು ಕೊಡುತ್ತಿತ್ತು. ಒಲೆಯಲ್ಲಿ ಚೆನ್ನಾಗಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಟ್ಟುಕೊಳ್ಳುವುದು, ಬಿಸಿನೀರಿನ ಚೀಲವನ್ನು ಮಕ್ಕಳ ಹಾಸಿಗೆಯಲ್ಲಿ ಮೊದಲೇ ಇರಿಸುವುದು ಉಳಿದ ದಾರಿಗಳು. ಎಲ್ಲಕ್ಕಿಂತ ಹೆಚ್ಚಾಗಿ, ಮೈಕೆಳಗೆ ದಪ್ಪನೆಯ ಹಾಸು ಬೇಕಿತ್ತು. ತಂತಿಬಲೆಯ ಮಂಚದಲ್ಲಿ ಚಳಿ ಕೆಳಗಿನಿಂದಲೇ ಏರುವುದರಿಂದ ಹೊದೆಯಲು ಎರಡು ಕಂಬಳಿಯಿದ್ದರೂ ಹಾಸಲು ವೃತ್ತಪತ್ರಿಕೆಯ ಪದರಗಳಿಲ್ಲದಿದ್ದರೆ ಪ್ರಯೋಜನವಿರಲಿಲ್ಲ.

ಪ್ರಶ್ನೆ: ಮಾಡಿನ ಮೇಲೆ ತರಕಾರಿ ಬೆಳೆದರೆ ಶೆಲ್ಟರು ದುರ್ಬಲವಾಗುತ್ತಿರಲಿಲ್ಲವೇ? ಯುದ್ಧದ ಬಳಿಕ ಅವೆಲ್ಲ ಏನಾದವು?

ಉತ್ತರ: ದುರ್ಬಲವಾಗುವ ಮಾತೇ ಇಲ್ಲ, ಸಸಿಗಳ ಬೇರು ಸಡಿಲ ಮಣ್ಣನ್ನು ಹಿಡಿದಿಟ್ಟು, ಮಳೆಗೆ ಅದು ಕೊಚ್ಚಿಹೋಗದಂತೆ ಕಾಯುತ್ತಿತ್ತು. ಆಹಾರದ ಕೊರತೆಯಿದ್ದ ಆ ದಿನಗಳಲ್ಲಿ ಸಿಕ್ಕ ನೆಲದಲ್ಲೆಲ್ಲ ಬೆಳೆಯಿರೆಂದು ಸರ್ಕಾರ ಪ್ರಚಾರ ಮಾಡುತ್ತಿದ್ದುದರಿಂದ ದಿಬ್ಬದ ಮೇಲೆ ಲೆಟಿಸ್ ಸೊಪ್ಪು, ಸೋರೆಯ ಜಾತಿಯ ಬಳ್ಳಿ, ಹೂಗಿಡ ಎಲ್ಲ ಕಾಣಿಸಿಕೊಂಡವು. ಚೆನ್ನಾಗಿ ಬೆಳೆಸಿದವರಿಗೆ ನೆರೆಹೊರೆಯವರೇ ಸೇರಿ ಸ್ಪರ್ಧೆ ಏರ್ಪಡಿಸುತ್ತಿದ್ದುದೂ ಉಂಟು. ಯುದ್ಧ ಮುಗಿದ ಮೇಲೆ ಉಕ್ಕಿಗಾಗಿ ಅನೇಕವನ್ನು ಸ್ಥಳೀಯ ಆಡಳಿತಗಳು ಬಿಚ್ಚಿಕೊಂಡು ಹೋದವು. ಉಳಿಸಿಕೊಂಡವರು ಅದನ್ನು ಹೊಂಡದಿಂದ ಎತ್ತಿ ನೆಲದ ಮೇಲೆ ನಿಲ್ಲಿಸಿ, ತೋಟದ ಸಲಕರಣೆ, ಕಲ್ಲಿದ್ದಲು, ಸೈಕಲ್ಲು ಇಡುವ ಕೊಟ್ಟಿಗೆಯಾಗಿ ಮಾಡಿಕೊಂಡರು. ಬ್ರಿಟನ್ನಿನ ಹಳೆಯ ಹಿತ್ತಿಲುಗಳಲ್ಲಿ ಅಂಥವು ಇಂದಿಗೂ ಅಲ್ಲಲ್ಲಿ ನಿಂತಿವೆ.

ಪ್ರಶ್ನೆ: ಹಿತ್ತಿಲೇ ಇಲ್ಲದವರ ಗತಿಯೇನು? ಲಂಡನ್ನಿನ ಜನರೆಲ್ಲ ಭೂಗತ ರೈಲು ನಿಲ್ದಾಣಗಳಲ್ಲಿ ಮಲಗುತ್ತಿದ್ದರೆಂದು ಓದಿದ್ದೇನೆ.

ಉತ್ತರ: ನಿಲ್ದಾಣಗಳ ಚಿತ್ರಗಳು ಬಹಳ ಪ್ರಚಾರ ಪಡೆದುದರಿಂದ ಹಾಗೆ ತೋರುತ್ತದೆ. 1940ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನಡೆಸಿದ ಎಣಿಕೆಯ ಪ್ರಕಾರ ಭೂಗತ ನಿಲ್ದಾಣಗಳಲ್ಲಿ ಮಲಗುತ್ತಿದ್ದವರು ನೂರಕ್ಕೆ 4 ಮಂದಿ, ಸಾರ್ವಜನಿಕ ಶೆಲ್ಟರುಗಳಲ್ಲಿ 9 ಮಂದಿ, ಮನೆಯ ಶೆಲ್ಟರುಗಳಲ್ಲಿ 27 ಮಂದಿ. ಉಳಿದವರು ಮನೆಯೊಳಗೇ ಇದ್ದರು, ಇಲ್ಲವೇ ರಾತ್ರಿ ಕೆಲಸದಲ್ಲಿದ್ದರು. ಅಂದರೆ ಆಶ್ರಯ ಹುಡುಕಿದವರಲ್ಲಿ ಹೆಚ್ಚಿನವರಿಗೆ ಆಸರೆಯಾದದ್ದು ಹಿತ್ತಿಲ ಹೊಂಡದಂಥ ಮನೆಯ ಶೆಲ್ಟರೇ. ಹಿತ್ತಿಲಿಲ್ಲದ ಸಾಲುಮನೆ, ವಠಾರಗಳ ಬಡವರಿಗೆ ಬೀದಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಶೆಲ್ಟರುಗಳಿದ್ದವು. ಅವುಗಳಲ್ಲಿ ಕೆಲವನ್ನು ಸಿಮೆಂಟಿಲ್ಲದ ದುರ್ಬಲ ಗಾರೆಯಲ್ಲಿ ಕಟ್ಟಿದ್ದರಿಂದ ಕುಸಿದು ಪ್ರಾಣಹಾನಿಯಾಯಿತು, ಜನರಿಗೆ ಅವುಗಳ ಮೇಲೆ ನಂಬಿಕೆ ಹೋಯಿತು. ಅಗತ್ಯ ಅತಿ ಹೆಚ್ಚಾಗಿದ್ದ ಕಡೆಯೇ ರಕ್ಷಣೆ ಅತಿ ತೆಳುವಾಗಿದ್ದುದು ಈ ಇತಿಹಾಸದ ದೊಡ್ಡ ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಮನೆಯೊಳಗೇ ಉಳಿದವರ ಸಂಖ್ಯೆ ಅಷ್ಟು ದೊಡ್ಡದೆಂದ ಮೇಲೆ ಅವರನ್ನು ಬಯ್ದು ಫಲವಿರಲಿಲ್ಲ. ಒದ್ದೆ ಹೊಂಡಕ್ಕೆ ಮುದುಕರನ್ನೂ ಕೂಸುಗಳನ್ನೂ ಎತ್ತಿಕೊಂಡು ಹೋಗಲಾರೆವೆಂಬ ಅವರ ಮಾತಿನಲ್ಲಿ ಹುರುಳಿತ್ತು. ಅದನ್ನು ಒಪ್ಪಿಕೊಂಡು 1941ರ ಮಾರ್ಚಿನಿಂದ ಹಂಚಿದ್ದೇ ಮಾರಿಸನ್ ಶೆಲ್ಟರ್; ಆಗ ಗೃಹಸಚಿವರಾಗಿದ್ದ ಹರ್ಬರ್ಟ್ ಮಾರಿಸನ್ ಅವರ ಹೆಸರು ಅದಕ್ಕೆ ಬಂತು. ಪ್ರೊಫೆಸರ್ ಜಾನ್ ಬೇಕರ್ ವಿನ್ಯಾಸಗೊಳಿಸಿದ ಇದು ಆರೂವರೆ ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಉಕ್ಕಿನ ಪಂಜರ. ಮೇಲೆ ಗಟ್ಟಿ ಉಕ್ಕಿನ ಹಲಗೆ, ಸುತ್ತ ಬಿಚ್ಚಿ ಹಾಕಬಹುದಾದ ತಂತಿಬಲೆ, ಕೆಳಗೆ ಹಾಸಿಗೆ ಹಾಸಲು ಪಟ್ಟಿಗಳ ನೆಲ. ಹಗಲಿನಲ್ಲಿ ಬಟ್ಟೆ ಹೊದಿಸಿ ಊಟದ ಮೇಜಾಗಿ ಬಳಸಬಹುದಿತ್ತು. ರಾತ್ರಿ ಹಾಸಿಗೆ ಹೊರುವ ಪ್ರಶ್ನೆಯೇ ಇರಲಿಲ್ಲ. ಮನೆ ಕುಸಿದು ಮೇಲೆ ಬಿದ್ದಾಗ ಉಕ್ಕು ಸ್ವಲ್ಪ ತಗ್ಗಿ ಭಾರವನ್ನು ತಾಳಿಕೊಳ್ಳುವಂತೆ ಲೆಕ್ಕ ಹಾಕಿದ್ದರು. ಆ ವರ್ಷದ ಕೊನೆಗೆ 5 ಲಕ್ಷಕ್ಕೂ ಹೆಚ್ಚು ಪಂಜರಗಳು ಮನೆಗಳನ್ನು ಸೇರಿದವು. ತೀವ್ರವಾಗಿ ಹಾಳಾದ 44 ಮನೆಗಳನ್ನು ಮುಂದೆ ಪರಿಶೀಲಿಸಿದಾಗ, ಅವುಗಳಲ್ಲಿ ಮಾರಿಸನ್ ಪಂಜರದೊಳಗಿದ್ದ 136 ಜನರ ಪೈಕಿ ಸತ್ತವರು 3 ಮಂದಿ, ತೀವ್ರವಾಗಿ ಗಾಯಗೊಂಡವರು 13 ಮಂದಿ ಎಂದು ತಿಳಿದುಬಂತು. ಸಾವುಗಳು ಸಂಭವಿಸಿದ್ದು ಬಾಂಬು ನೇರವಾಗಿ ಬಿದ್ದ ಮನೆಯಲ್ಲಿ.